ಅಡುಗೆಮನೆಗೆ ಬಂದ ರೈಲು

“ಆ ಪ್ಲಗ್ ಮುಟ್ಬೇಡಿ!”

ಮೇಜಿನಡಿ ತೂರಿ ಕೈ ಚಾಚಿದ್ದ ಅಳಿಯ ಬೆಚ್ಚಿ ತಲೆಯೆತ್ತಿದ. ಹಲಗೆಗೆ ತಲೆ ಟಣ್ಣೆಂದು ಬಡಿದು, ಮೇಲಿದ್ದ ಪುಟ್ಟ ಸಿಗ್ನಲ್ ಕಂಬವೊಂದು ಮಗುಚಿತು.

“ಅಲ್ಲ ಅತ್ತೆ, ನಿನ್ನೆಯಿಂದ ಕರೆಂಟ್ ಹಾಗೇ ಇದೆ. ಬಂದವ್ರಿಗೆ ಕೂರೋಕೆ ಜಾಗ ಬೇಡ್ವಾ? ಈ ರೈಲಿನ ಮೇಜನ್ನ ಗೋಡೆಗೆ ಒರಗಿಸಿದ್ರೆ ಹತ್ತು ಕುರ್ಚಿ ಹಿಡಿಸುತ್ತೆ.”

“ನಿಂತ್ಕೊಳ್ಲಿ. ಇವತ್ತು ಒಂದಿನ ನಿಂತ್ರೆ ಯಾರ ಕಾಲೂ ಸವೆಯಲ್ಲ.”

ಅಳಿಯ ತಲೆ ಸವರಿಕೊಳ್ಳುತ್ತ ಹೊರಗೆ ಹೋದ. ಹಜಾರದಲ್ಲಿ ಲಿಫ್ಟಪ್ಪನವರು ಬಿಳಿ ಹೊದಿಕೆಯಡಿ ಮಲಗಿದ್ದರು. ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ. ಹೆತ್ತವರಿಟ್ಟ ಹೆಸರು ನೆರೆಯವರಿಗೆ ಮರೆತೇ ಹೋಗಿತ್ತು. ಅಂಥವರು ಬದುಕಿದ್ದು ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ.

“ಊರವರನ್ನೆಲ್ಲ ನಿಂತಲ್ಲೇ ಇಳಿಸಿದ್ರು. ಈಗ ಅವ್ರನ್ನ ಇಳಿಸೋಕೆ ಆರು ಜನ ಬೇಕು,” ಎಂದರು ಕೆಳಮನೆಯ ದರ್ಜಿ.

“ಮೆತ್ತಗೆ ಮಾತಾಡ್ರೀ,” ಎಂದು ಅವರ ಹೆಂಡತಿ ಗದರಿದಳು. “ಪಾಪ, ಯಾರಿಗೂ ಒಂದು ಮಾತು ಅಂದವರಲ್ಲ.”

“ಮಾತೇ ಆಡ್ತಿರ್ಲಿಲ್ಲ, ಇನ್ನು ಅನ್ನೋದೆಲ್ಲಿ ಬಂತು?”

ನಿಜ. ಲಿಫ್ಟಪ್ಪನವರದು ಹತ್ತು ಮಾತಿಗೆ ಒಂದು ‘ಹೂಂ’. ಆ ಒಂದು ‘ಹೂಂ’ಗೂ ಕಾಯಬೇಕಾಗುತ್ತಿತ್ತು.

ಹನ್ನೆರಡರ ಹೊತ್ತಿಗೆ ರೇಡಿಯೋ ರಿಪೇರಿಯವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಇಪ್ಪತ್ತು ವರ್ಷದಿಂದ ಪ್ರತಿ ಭಾನುವಾರ ಈ ಮನೆಗೆ ಬಂದು, ಆಟದ ರೈಲಿನ ಮುಂದೆ ಮಕ್ಕಳಂತೆ ಕೂರುತ್ತಿದ್ದ ಗೆಳೆಯ ಅವರೊಬ್ಬರೇ. ಸತ್ತವರ ಪಾದ ಮುಟ್ಟಿ, ಕನ್ನಡಕ ಒರೆಸಿಕೊಳ್ಳುತ್ತ ನಿಂತಿದ್ದವರನ್ನು ಲಿಫ್ಟಪ್ಪನವರ ಹೆಂಡತಿ ರೈಲಿನ ಕೋಣೆಗೆ ಕರೆದು ಬಾಗಿಲು ಮುಂದಕ್ಕೆ ಎಳೆದುಕೊಂಡಳು.

“ಈ ಲ್ಯಾಪ್‌ಟಾಪಿನಲ್ಲಿ ರೈಲು ಓಡಿದ್ದೆಲ್ಲಾ ಬರೆದುಕೊಂಡಿರುತ್ತೆ ಅಂತಿದ್ರಲ್ಲ. ನಿನ್ನೇದು ಇರುತ್ತಾ?”

“ಇರುತ್ತೆ ಅತ್ತಿಗೆ. ಯಾಕೆ?”

“ನಾನು ಅವ್ರನ್ನ ಕೊಂದ್ನಾ ಅಂತ ನೋಡ್ಬೇಕು.”

*

ಮೊದಲೆಲ್ಲ ರೈಲು ನಡೆಸುವ ಕಂಟ್ರೋಲರ್ ಪೆಟ್ಟಿಗೆ ಹೇಳುತ್ತಿತ್ತು, ಇಂಜಿನ್ನು ಕೇಳುತ್ತಿತ್ತು, ಅಷ್ಟೆ. ‘ಏಳನೆಯ ನಂಬರು, ಹೊರಡು’ ಎಂದರೆ ಹೊರಡಬೇಕು. ಹೊರಟಿತೋ, ಸುರಂಗದೊಳಗೆ ಹಳಿ ತಪ್ಪಿ ಬಿದ್ದಿತೋ, ಕೇಳಿದರೆ ಹೇಳುವವರಿಲ್ಲ. ನಾಲ್ಕು ವರ್ಷದ ಹಿಂದೆ ಗೆಳೆಯರಿಬ್ಬರೂ ಸೇರಿ ಹನ್ನೊಂದು ಇಂಜಿನ್ನುಗಳ ಹೊಟ್ಟೆ ಬಿಚ್ಚಿ, ಆಜ್ಞೆ ಓದಿ ಉತ್ತರವನ್ನೂ ಕೊಡುವ, ಉಗುರಿನಷ್ಟೇ ಗಾತ್ರದ ಹೊಸ ಡಿಕೋಡರ್ ಚಿಪ್ ಕೂರಿಸಿದರು. ಅಂದು ಲಿಫ್ಟಪ್ಪನವರು ಹೆಂಡತಿಯನ್ನು ಕರೆದು, ತಮ್ಮ ಬಾಳಿನ ಅತಿ ಉದ್ದದ ಭಾಷಣ ಮಾಡಿದರು.

“ನೋಡು, ಆರ್ಡರ್ ಹೋಗೋದು ಈ ಹಳೀಲೇ. ಕೊಟ್ಟಾದ್ಮೇಲೆ ಕಂಟ್ರೋಲರ್ ಒಂದು ಚೂರು ಸುಮ್ಮನಾಗುತ್ತೆ. ಆ ಸಂದೀಲಿ ಇಂಜಿನ್ನು ಅದೇ ಹಳೀಲಿ ಉತ್ತರ ಹೇಳುತ್ತೆ. ‘ನಾನು ಏಳು, ಇಲ್ಲಿದೀನಿ, ಇಷ್ಟು ಸ್ಪೀಡಲ್ಲಿ ಹೋಗ್ತಿದೀನಿ’ ಅಂತ.”

“ಇಂಜಿನ್ನಿಗೆ ಕಲಿಸಿದ್ರಿ, ಸಂತೋಷ. ನೀವು ಯಾವಾಗ ಕಲೀತೀರಿ?”

ರೇಡಿಯೋದವರು ಹೊಟ್ಟೆ ಹಿಡಿದು ನಕ್ಕರು. ಲಿಫ್ಟಪ್ಪನವರೂ ನಕ್ಕರು, ಉತ್ತರ ಮಾತ್ರ ಕೊಡಲಿಲ್ಲ. ಮರುವಾರ ಗೋಡೆಗೆ ತೂತು ಕೊರೆದು, ಪಕ್ಕದ ಅಡುಗೆಮನೆಯ ಶೆಲ್ಫಿನ ಮೇಲೆ ಒಂದು ಹಳಿ ಹಾಯಿಸಿದರು. ಏಳನೆಯ ನಂಬರು ಒಲೆಯ ಮೇಲುಗಡೆ ಬಂದು ನಿಂತು ‘ಕೂ’ ಎಂದರೆ ಅವರಿಗೆ ಚಹಾ ಬೇಕೆಂದು ಅರ್ಥ. ಬಾಯಿ ತೆರೆಯುವ ಅಷ್ಟು ಕಷ್ಟವೂ ತಪ್ಪಿತು.

*

ನಿನ್ನೆ ಮಧ್ಯಾಹ್ನ ನಾಲ್ಕೂವರೆಯ ಹೊತ್ತಿಗೆ ಆಕೆ ಬಟಾಣಿ ಸುಲಿಯುತ್ತ ಕುಳಿತಿದ್ದಳು. ಮಂಡಿ ಸವೆದು ಮೂರು ಮಹಡಿ ಹತ್ತಿಳಿಯಲು ಆಗುತ್ತಿರಲಿಲ್ಲ. ಮಗಳ ಮನೆಯ ಪಕ್ಕ ನೆಲಮಟ್ಟದಲ್ಲಿ ಎರಡು ಕೋಣೆ ಖಾಲಿ ಇದೆ, ಹೋಗೋಣವೇ ಎಂದು ಎರಡು ತಿಂಗಳಲ್ಲಿ ನಾಲ್ಕು ಸಲ ಕೇಳಿದ್ದಳು. ನಾಲ್ಕು ಸಲವೂ ಅವರು ರೈಲಿನ ಮೇಜನ್ನು ನೋಡಿದ್ದರು, ಅಷ್ಟೆ.

ಏಳನೆಯ ನಂಬರು ಗೋಡೆಯಿಂದ ಹೊರಬಂದು ಕೂಗಿತು. ಆಕೆ ಏಳಲಿಲ್ಲ. ಉತ್ತರ ಬರದಿದ್ದರೆ ಹೇಗಿರುತ್ತದೆಂದು ಅವರಿಗೂ ಸ್ವಲ್ಪ ಗೊತ್ತಾಗಲಿ ಎಂದುಕೊಂಡಳು. ಎರಡನೆಯ ಸಲ ಕೂಗಿದಾಗ ನಲ್ಲಿ ಜೋರಾಗಿ ಬಿಟ್ಟಳು. ಐದೂವರೆಗೆ ಮನಸ್ಸು ಕರಗಿ, ಚಹಾ ಹಿಡಿದು ಬಾಗಿಲು ತಳ್ಳಿದಾಗ ಅವರು ಕುರ್ಚಿಯಲ್ಲಿ ಒಂದು ಕಡೆಗೆ ವಾಲಿದ್ದರು.

*

“ನೋವು ಬಂದು ಕರೆದ್ರೋ ಏನೋ. ಡಾಕ್ಟ್ರು ಹೃದಯ ಅಂದ್ರು, ಕ್ಷಣದಲ್ಲಿ ಹೋಗಿರ್ತಾರೆ ಅಂದ್ರು. ಅವ್ರಿಗೇನು ಗೊತ್ತು? ಕರೆದಿದ್ದು ನನ್ನ.”

ರೇಡಿಯೋದವರು ಲ್ಯಾಪ್‌ಟಾಪ್ ತೆರೆದರು. ಸಾಲುಸಾಲಾಗಿ ಆಜ್ಞೆ, ಅದರ ಪಕ್ಕದಲ್ಲಿ ಇಂಜಿನ್ನಿನ ಉತ್ತರ.

“ಆರು ಗಂಟೆಗೆ ಏಳನೇದು ಅಡುಗೆಮನೆ ತಲುಪಿದೆ, ಕೂಗಿದೆ. ಆರು ನಲವತ್ತಕ್ಕೆ ಮತ್ತೆ ಕೂಗಿದೆ. ಆಮೇಲೆ, ಅತ್ತಿಗೆ, ಏಳು ಇಪ್ಪತ್ತರವರೆಗೂ ಅವನು ಕೆಲಸ ಮಾಡಿದ್ದಾನೆ! ನಲವತ್ತು ನಿಮಿಷ! ನೀವು ಸುಮ್ಮನೆ—”

“ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ,” ಎಂದಳು ಆಕೆ. “ಐದೂವರೆಗೆ ನಾನೇ ಕಣ್ಣಾರೆ ನೋಡಿದೀನಿ. ಸತ್ತವರು ಏಳು ಇಪ್ಪತ್ತಕ್ಕೆ ರೈಲು ಬಿಟ್ರಾ?”

ರೇಡಿಯೋದವರು ಹಣೆ ಚಚ್ಚಿಕೊಂಡರು. ಈ ಮೇಜಿನ ಲೋಕಕ್ಕೆ ಅದರದೇ ಗಡಿಯಾರ, ಬರೆದಿಟ್ಟಿದ್ದೂ ಅದರ ಹೊತ್ತನ್ನೇ. ಒಂದು ಮಧ್ಯಾಹ್ನದಲ್ಲಿ ಇಡೀ ದಿನದ ರೈಲುಗಳು ಓಡಿ ಮುಗಿಯಬೇಕೆಂದು ಅದನ್ನು ನಾಲ್ಕು ಪಟ್ಟು ವೇಗಕ್ಕೆ ಇಟ್ಟವರು ತಾವೇ.

“ತಪ್ಪಾಯ್ತು. ನಲವತ್ತಲ್ಲ, ಹತ್ತು ನಿಮಿಷ. ಮೊದಲ ಕೂಗಾದ ಹತ್ತು ನಿಮಿಷಕ್ಕೆ ಎರಡನೇದು.”

“ಹೂಂ. ಒಂದು ಬಟ್ಟಲು ಬಟಾಣಿ ಸುಲಿದಿದ್ದೆ. ಸರಿಯಾಗಿದೆ.”

“ಅದಾದ್ಮೇಲೆ ಇನ್ನೂ ಹತ್ತು ನಿಮಿಷ. ಒಂದೊಂದೇ ಇಂಜಿನ್ನನ್ನ ಶೆಡ್ಡಿಗೆ ತಂದಿದ್ದಾನೆ, ಅತ್ತಿಗೆ. ಎಲ್ಲಾ ನಿಧಾನ, ಒಂದೂ ತಪ್ಪಿಲ್ಲ. ತಂದು, ದೀಪ ಆರಿಸಿ, ‘ಬಂದೆ’ ಅನ್ನೋ ಉತ್ತರ ಬಂದ್ಮೇಲೇ ಮುಂದಿನದು. ಎದೆ ಹಿಡ್ಕೊಂಡವನು ಮಾಡೋ ಕೆಲಸ ಅಲ್ಲ ಇದು. ಅವನು ಕರೆದಿದ್ದು ಹೌದು, ಹೆದರಿ ಕರೆದಿದ್ದಲ್ಲ.”

ಆಕೆ ಮೇಜಿನ ಅಂಚು ಹಿಡಿದು ಕುಳಿತಳು.

“ನೋವು ಬಂದಾಗ ಯಾಕೆ ಕರೀಲಿಲ್ಲ? ಕರೆದ್ರೂ ಬರಲ್ಲ ಅಂದ್ಕೊಂಡ್ರಾ?”

“ಅದು ಇದರಲ್ಲಿಲ್ಲ,” ಎಂದರು ರೇಡಿಯೋದವರು. ಸುಳ್ಳೊಂದು ಬಾಯಿತನಕ ಬಂದಿತ್ತು, ನುಂಗಿಕೊಂಡರು. “ನನಗೊಂದು ವಿಚಿತ್ರ ಅನಿಸ್ತಿದೆ. ಸಂಜೆ ಐದಕ್ಕೆ ಎಲ್ಲಾ ರೈಲನ್ನೂ ಶೆಡ್ಡಿಗೆ ಸೇರಿಸೋ ಪದ್ಧತಿಯೇ ಅವನಿಗಿಲ್ಲ. ಊಟದ ಹೊತ್ತಿನವರೆಗೂ ಓಡಿಸ್ತಿದ್ದ...” ಅವರ ಕಣ್ಣು ಮೇಜಿನ ಕಡೆ ಹೊರಳಿತು.

“ಏನು? ಹೇಳಿ.”

“ಹೋದ ಭಾನುವಾರ ನನ್ನ ಕೇಳಿದ್ದ. ಈ ಮೇಜನ್ನ ನಾಲ್ಕು ತುಂಡು ಮಾಡೋದಾದ್ರೆ ವೈರನ್ನ ಎಲ್ಲೆಲ್ಲಿ ಬಿಚ್ಬೇಕು ಅಂತ. ನೆಲಮಟ್ಟದ ಮನೆ ಬಾಗಿಲು ಎರಡೂವರೆ ಅಡಿಯಂತೆ, ಹೋಗಿ ಟೇಪ್ ಹಿಡಿದು ಅಳತೆ ಮಾಡ್ಕೊಂಡು ಬಂದಿದ್ದ. ಯಾಕೆ ಅಂತ ನಾನು ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಆಕೆ ಬಗ್ಗಿ ಮೇಜಿನಡಿ ನೋಡಿದಳು. ಅಳಿಯ ತಲೆ ಬಡಿಸಿಕೊಂಡ ಹಲಗೆಯ ಕೆಳಮೈಯಲ್ಲಿ ಸೀಸದ ಕಡ್ಡಿಯ ಮೂರು ಗೆರೆಗಳು, ಗರಗಸ ಎಲ್ಲಿ ಹಾಯಬೇಕೆಂದು ಅಚ್ಚುಕಟ್ಟಾಗಿ ಎಳೆದಂಥವು.

“ಅದನ್ನ ಹೇಳೋಕೆ ಕರೆದ್ರಾ? ಇಲ್ಲ ಬರೀ ಚಹಾಕ್ಕೋ?”

“ಗೊತ್ತಿಲ್ಲ ಅತ್ತಿಗೆ. ದೇವರಾಣೆ ಗೊತ್ತಿಲ್ಲ.”

ಬಾಗಿಲ ಸಂದಿನಲ್ಲಿ ಅಳಿಯ ಇಣುಕಿದ. “ಅತ್ತೆ, ಗಾಡಿ ಬಂತು. ಹೊರೋರು ಬಂದಿದ್ದಾರೆ.”

ಆಕೆ ಎದ್ದಳು. ಹಜಾರದಲ್ಲಿ ಜನ ದಾರಿ ಬಿಟ್ಟರು. ಅಳುತ್ತಾಳೆಂದು ಮಗಳು ಹೆಗಲು ಹಿಡಿಯಲು ಬಂದಳು. ಆಕೆ ಕೈ ಬಿಡಿಸಿಕೊಂಡು, ಗಂಡನ ತಲೆಯ ಬಳಿ ಸ್ಟೂಲು ಎಳೆದು ಕುಳಿತಳು.

“ಬಾಯಿಬಿಟ್ಟು ‘ಹೂಂ, ಹೋಗೋಣ’ ಅಂದಿದ್ರೆ ಮುತ್ತು ಉದುರಿ ಹೋಗ್ತಿತ್ತಾ ನಿಮ್ದು? ಎರಡು ತಿಂಗಳು, ಎರಡು ತಿಂಗಳು ಕಾದೆ. ಕೇಳಿಸ್ತು ನನಗೆ, ಎರಡು ಸಲವೂ ಕೇಳಿಸ್ತು. ಬೇಕಂತಲೇ ಬರ್ಲಿಲ್ಲ. ಕೋಪ ಬಂದಿತ್ತು ಕಣ್ರೀ. ಈಗ್ಲೂ ಇದೆ. ನಲವತ್ತೊಂದು ವರ್ಷದಿಂದ ಒಬ್ಬಳೇ ಇಬ್ಬರ ಮಾತೂ ಆಡಿದೀನಿ, ಇವತ್ತೂ ನಾನೇ ಆಡ್ಬೇಕು...”

ಮಗಳು ಮುಂದೆ ಬಂದು ತಡೆಯಲು ನೋಡಿದಳು. ರೇಡಿಯೋದವರು ಬೇಡವೆಂದು ತಲೆಯಾಡಿಸಿದರು. ಆಕೆ ಬೈಯುತ್ತಲೇ ಇದ್ದಳು; ಬೈಯುತ್ತ ಹೊದಿಕೆಯ ಮಡಿಕೆ ಸರಿಮಾಡುತ್ತಿದ್ದಳು.

ಹೊರಲು ಬಂದ ಆರು ಮಂದಿ ಬಾಗಿಲಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹೊರಗೆ ಸರಿದು ಮೆಟ್ಟಿಲುಗಳ ಮೇಲೆ ಒಬ್ಬರ ಕೆಳಗೊಬ್ಬರು ಕುಳಿತರು. ಎಲ್ಲರಿಗಿಂತ ಕೆಳಗಿದ್ದವನು ಮೆಟ್ಟಿಲ ಕಿಟಕಿಯಿಂದ ಬಗ್ಗಿ, ಇನ್ನೂ ಹೊತ್ತಿದೆಯೆಂದು ಬೀದಿಗೆ ಕೈ ಬೀಸಿದ. ಡ್ರೈವರ್ ಮೇಲೆ ನೋಡಿ, ಗಾಡಿ ಆಫ್ ಮಾಡಿ, ಬಾಗಿಲು ತೆರೆದಿಟ್ಟು ಕುಳಿತ.