ಜರಡಿಗೆ ಸಿಕ್ಕ ಬೇರು

ಪಟ್ಟಣದಲ್ಲಿ, ಕವೆಂಪೆಯ ಗುಡ್ಡದ ಕೆಳಗಿನ ಕೇರಿಯಲ್ಲಿ ನನ್ನ ಮಣ್ಣಿಗೆ ಒಂದು ಹೆಸರಿತ್ತು. ಆ ಹೆಸರು ಬಂದದ್ದು ನನ್ನ ತಮ್ಮ ಕಾಟೋನಿಂದ. ಎಷ್ಟೇ ಸಂಕಟವಾದರೂ ಅದನ್ನು ಇಲ್ಲ ಅನ್ನಲಾರೆ. ಇಲ್ಲಿ ಯಾರಿಗೂ ಹಿತ್ತಿಲಿಲ್ಲ. ಬಾಗಿಲು ತೆರೆದರೆ ಚರಂಡಿ, ಚರಂಡಿ ದಾಟಿದರೆ ಇನ್ನೊಬ್ಬರ ಬಾಗಿಲು. ಹಾಗಾಗಿ ಹೆಂಗಸರು ಗೋಣಿಚೀಲದಲ್ಲಿ, ಕುತ್ತಿಗೆ ಕೊಯ್ದ ಜೆರಿಕ್ಯಾನಿನಲ್ಲಿ, ಹಳೆಯ ಟೈರಿನಲ್ಲಿ ಸೊಪ್ಪು ಬೆಳೆಯುತ್ತಾರೆ. ಅವರಿಗೆ ಮಣ್ಣು ಹದ ಮಾಡಿ ಕೊಡುವುದು ನನ್ನ ಕಸುಬು.

ಹದ ಅಂದರೆ ಸುಮ್ಮನೆ ಅಲ್ಲ. ಮೂರು ಬೇಸಿನ್ ಕಪ್ಪು ಮಣ್ಣು, ಎರಡು ಬೇಸಿನ್ ಹಳೆಯ ಸಗಣಿ ಗೊಬ್ಬರ, ಒಂದು ಬೇಸಿನ್ ಕಾಫಿ ಹೊಟ್ಟು, ಮೇಲೆ ಎರಡು ಹಿಡಿ ಇದ್ದಿಲ ಪುಡಿ. ಕೋಳಿ ಹಿಕ್ಕೆ ಹಾಕುವುದಾದರೆ ಅದು ತಿಂಗಳುಗಟ್ಟಲೆ ಕೊಳೆತಿರಬೇಕು. ಹಸಿಯದನ್ನು ಹಾಕಿ ಸಸಿ ಸುಟ್ಟುಕೊಂಡು ನನ್ನನ್ನು ಬೈದವರಿದ್ದಾರೆ. ಎಲ್ಲ ಬೆರೆತ ಮೇಲೆ ನೀರು ಚಿಮುಕಿಸಿ ಒಂದು ಮುಷ್ಟಿ ಹಿಂಡಬೇಕು. ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಆದರೆ ಕಪ್ಪು ಮಣ್ಣೇ ಸತ್ತದ್ದಾದರೆ ಅದಕ್ಕೆ ಏನು ಬೆರೆಸಿದರೂ ಪ್ರಯೋಜನವಿಲ್ಲ. ನನಗೆ ಜೀವವಿರುವ ಮಣ್ಣು ತಂದುಕೊಟ್ಟವನು ಕಾಟೋ.

ನಾನು ಬಬಿರಿಯೆ, ಅವನು ಕಾಟೋ. ಹೆಸರು ಕೇಳಿದರೆ ಸಾಕು, ನಾವು ಅವಳಿ ಎಂದು ನಮ್ಮ ಜನಕ್ಕೆ ಗೊತ್ತಾಗುತ್ತದೆ. ನಾನು ಹತ್ತು ನಿಮಿಷ ದೊಡ್ಡವಳು. ಅವಳಿ ಹೆತ್ತವಳೆಂದು ಇಡೀ ಊರು ಅಮ್ಮನನ್ನು ನಾಲೊಂಗೊ ಎಂದೇ ಕರೆಯಿತು. ಅವಳ ಸ್ವಂತ ಹೆಸರನ್ನು ನಾನು ಸರಿಯಾಗಿ ಕೇಳಿಸಿಕೊಂಡದ್ದು ಅವಳನ್ನು ಮಣ್ಣು ಮಾಡುವ ದಿನ. ಅದಕ್ಕೂ ಮೊದಲೇ, ಅಪ್ಪ ಹೋದಾಗ, ಹಿರಿಯರು ಕಾಟೋನಿಗೆ ಮರದ ತೊಗಟೆಯ ಬಟ್ಟೆ ಹೊದಿಸಿ, ಕೈಗೆ ಈಟಿ ಕೊಟ್ಟು, ಅಪ್ಪನ ಜಾಗದಲ್ಲಿ ಕೂರಿಸಿದ್ದರು. ಮನೆ, ತೋಟ, ಗೋರಿಗಳು ಇನ್ನು ತನ್ನ ಕಾವಲಿನಲ್ಲಿ ಎಂದು ಅವನು ಎಲ್ಲರೆದುರು ಹೇಳಿದ. ಅಂದಿನಿಂದ ಹತ್ತು ನಿಮಿಷದ ಹಿರಿತನ ಬದಿಗಿಟ್ಟು, ಅವನೆದುರು ಮಂಡಿಯೂರಿಯೇ ನಾನು ಕ್ಷೇಮ ಕೇಳುತ್ತಿದ್ದೆ. ಅದು ಅಪ್ಪನ ಜಾಗಕ್ಕೆ ಕೊಡುವ ಮರ್ಯಾದೆ, ನನಗೆ ಅದರಲ್ಲಿ ಬೇಸರವಿರಲಿಲ್ಲ.

ಮಳೆ ಶುರುವಾದ ವಾರ ಅವನು ಊರಿನಿಂದ ಪಿಕಪ್ಪಿನಲ್ಲಿ ಮೊದಲ ಲೋಡು ತಂದ. ಕೈ ಹಾಕಿದೆ. ಮೊಣಕೈವರೆಗೆ ಮೆತ್ತಗೆ ಇಳಿಯಿತು.

"ಎಲ್ಲಿಂದು ಕಣೋ ಇದು?"

"ಅಮ್ಮನ ಬಾಳೆ ತೋಟದ್ದು. ಹಳೇ ಬುಡಗಳ ಅಡಿ ಇತ್ತು. ಬೇಕಾದ್ರೆ ತಿಂದು ನೋಡಕ್ಕಾ."

"ಮೊದ್ಲು ನಿನ್ನ ಬಾಯಿಗೆ ತುರುಕ್ತೀನಿ, ನೀನು ಬದುಕಿದ್ರೆ ಆಮೇಲೆ ನಾನು."

ಅವನು ನಕ್ಕ. ನಾನೂ ನಕ್ಕೆ. ಆ ನಗು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆ ಮಣ್ಣಿನಲ್ಲಿ ನಕಾಟಿ ಸೊಪ್ಪು ಎಲೆ ಅಗಲಿಸಿಕೊಂಡು ಬಂತು. ಬಂದವರಿಗೆಲ್ಲ "ನಮ್ಮಮ್ಮನ ತೋಟದ ಮಣ್ಣು" ಎಂದು ಹೇಳಿಕೊಂಡೆ. ಆಮೇಲೆ ಜನ ಅದೇ ಹೆಸರಿಟ್ಟು ಕೇಳತೊಡಗಿದರು. ಮೂರು ಲೋಡು ಹಾಗೆಯೇ ಖರ್ಚಾಯಿತು.

ನಾಲ್ಕನೆಯದನ್ನು ಅವನು ಟಾರ್ಪಾಲಿನ ಮೇಲೆ ಸುರಿದು, ಚಹಾ ಕುಡಿದು ಹೋದ. ಪಕ್ಕದ ಮನೆಯ ಮಾಮಾ ಶಮೀಮ್, ಅಂದರೆ ಶಮೀಮ್‌ನ ಅಮ್ಮ, ಜರಡಿಯ ಒಂದು ಕಡೆ ಹಿಡಿದಳು, ನಾನು ಇನ್ನೊಂದು ಕಡೆ. ನಾಲ್ಕಾರು ಸಲ ಆಡಿಸುವಷ್ಟರಲ್ಲಿ ಜರಡಿಯ ಮೇಲೆ ಬೇರಿನ ತುಂಡುಗಳು ಉಳಿದವು. ಕಿತ್ತಳೆ ಬಣ್ಣ.

"ಅರಿಶಿನ ಇದ್ದಂಗಿದೆಯಲ್ಲೇ," ಅಂದಳು ಮಾಮಾ ಶಮೀಮ್. "ನಿನ್ನ ತಮ್ಮ ಮಣ್ಣಿನ ಜೊತೆ ಮಸಾಲೆನೂ ಕಳಿಸಿದಾನೆ."

ನಾನು ಒಂದನ್ನು ಉಗುರಿನಿಂದ ಕೆರೆದೆ. ಅರಿಶಿನವಲ್ಲ, ಲುವಾನಿ ಗಿಡದ ಬೇರು. ಲುವಾನಿಯನ್ನು ನಮ್ಮವರು ಜಮೀನಿನ ಗಡಿಗೆ ನೆಡುತ್ತಾರೆ, ಇಲ್ಲವೇ ಗೋರಿಯ ಸುತ್ತ ನೆಡುತ್ತಾರೆ. ಬಾಳೆ ತೋಟದ ಮಧ್ಯೆ ಯಾರೂ ನೆಡುವುದಿಲ್ಲ. ನಮ್ಮ ಗಡಿಗೆ ಇದ್ದದ್ದು ಅಪ್ಪ ಹಾಕಿದ ಮುಳ್ಳುಬೇಲಿ. ಲುವಾನಿ ಇದ್ದದ್ದು ಒಂದೇ ಕಡೆ: ಅಮ್ಮನ ಗೋರಿಯ ನಾಲ್ಕು ಮೂಲೆಗೆ. ನೆಟ್ಟವಳು ನಾನೇ.

ಜರಡಿ ಕೆಳಗಿಟ್ಟು ರಾಶಿಯನ್ನು ಕೈಯಿಂದ ಕೆದಕಿದೆ. ಗೇಣುದ್ದದ ಒಂದು ಕಾಂಡ ಸಿಕ್ಕಿತು, ಬೇರು ಸಮೇತ, ಗುದ್ದಲಿ ತಾಗಿ ಒಂದು ಮಗ್ಗುಲು ಸೀಳಿತ್ತು. "ಇದು ಅಮ್ಮನ ಗೋರಿಯ ಲುವಾನಿ," ಅಂದೆ.

"ಬೇರೆ ಯಾವುದೋ ಗಿಡ ಇರಬೌದು. ಸುಮ್ನೆ ಇಲ್ಲದ್ದು ಯೋಚ್ನೆ ಮಾಡ್ಬೇಡ," ಅಂದಳು ಮಾಮಾ ಶಮೀಮ್. ಅವಳ ಕೈ ಮಾತ್ರ ಆಗಲೇ ಉಟ್ಟ ಬಟ್ಟೆಗೆ ಒರೆಸಿಕೊಳ್ಳುತ್ತಿತ್ತು.

ಮರುದಿನ ಬೆಳಿಗ್ಗೆ ಮೊದಲ ಟ್ಯಾಕ್ಸಿ ವ್ಯಾನು ಹತ್ತಿ ಊರಿಗೆ ಹೋದೆ. ದಾರಿಯುದ್ದಕ್ಕೂ, ಇದು ಸುಳ್ಳಾಗಲಿ, ನನ್ನ ತಮ್ಮನ ಮೇಲೆ ಅನುಮಾನಪಟ್ಟ ಪಾಪ ನನಗೇ ಬರಲಿ ಎಂದು ಬೇಡಿಕೊಂಡೆ.

ಗೋರಿಗಳಿದ್ದ ದಿಬ್ಬ ಇರಲಿಲ್ಲ. ಅಲ್ಲಿ ಅಂಗೈಯಂತೆ ಸಪಾಟಾದ ಕೆಂಪು ನೆಲ, ಸುತ್ತ ಹೊಸ ಇಟ್ಟಿಗೆ ಗೋಡೆ, ಕಬ್ಬಿಣದ ಗೇಟು. ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಕಪ್ಪು ಮಣ್ಣು ಗುಡ್ಡೆಯಾಗಿತ್ತು. ಕಾಟೋ ಮನೆಯ ಮುಂದಿನ ಹಲಸಿನ ಮರದಡಿ ಕುಳಿತಿದ್ದ. ನನ್ನನ್ನು ಕಂಡು ಎದ್ದ. ಅಂದು ನಾನು ಮಂಡಿಯೂರಲಿಲ್ಲ. ಚೀಲದಿಂದ ಲುವಾನಿ ಕಾಂಡ ತೆಗೆದು ಅವನ ಮುಂದೆ ಹಿಡಿದೆ.

ಅವನು ಅದನ್ನು ನೋಡಿ, ಆಮೇಲೆ ನೆಲ ನೋಡಿದ. "ಮೇಲಿಂದು ಎರಡಡಿ ಅಷ್ಟೇ ಅಕ್ಕಾ. ಅಮ್ಮನ್ನ ಮುಟ್ಟಿಲ್ಲ. ಆಣೆ ಮಾಡ್ತೀನಿ."

"ಮಾರಿಬಿಟ್ಟೆಯಾ?"

"ಗೋದಾಮು ಕಟ್ತಾರಂತೆ. ಸಪಾಟು ಮಾಡಿಕೊಡು ಅಂದ್ರು." ಅವನು ಮೆಲ್ಲಗೆ ಹೇಳಿದ. "ತಗೊಂಡವನು ಒಳ್ಳೆಯವನು. ಯಾವಾಗ ಬೇಕಾದ್ರೂ ಬಾ, ಗೇಟಲ್ಲಿ ಕೇಳಿದ್ರೆ ಒಳಗೆ ಬಿಡ್ತಾರೆ."

"ನಮ್ಮಮ್ಮನ ಹತ್ರ ಹೋಗೋಕೆ ನಾನು ವಾಚ್‌ಮನ್‌ನ ಕೇಳ್ಬೇಕು. ಅಲ್ವಾ?"

ಅವನು ಗೇಟಿನ ಕಡೆ ತಿರುಗಿದ.

"ಮಾರಿದ್ದಾಯ್ತು. ಈ ಮಣ್ಣನ್ನ ನನಗ್ಯಾಕೆ ತಂದ್ಕೊಟ್ಟೆ? ನನ್ನ ಕೈಯಿಂದಲೇ ಅದಕ್ಕೆ ಸಗಣಿ ಹಾಕಿಸಿದೆಯಲ್ಲೋ. ಇಡೀ ಕೇರಿಗೆ ಹಂಚಿಸಿದೆ."

"ಎಲ್ಲಾದ್ರೂ ಹಾಕಲೇಬೇಕಿತ್ತು," ಅಂದ ಕಾಟೋ. "ಯಾರ್ಯಾರ ಪಾಲೋ ಆಗೋ ಬದಲು ನಿನ್ನ ಹತ್ರ ಇರಲಿ ಅನ್ನಿಸ್ತು. ಹೇಳೋಣ ಅಂತಲೇ ಬಂದಿದ್ದೆ ಮೊದಲ್ನೇ ಸಲ. ನೀನು ಕೈ ಹಾಕಿ, ಮಣ್ಣು ಎಷ್ಟು ಚೆನ್ನಾಗಿದೆ ಅಂತ ಮುಖ ಅರಳಿಸಿದೆ. ಮತ್ತೆ ಹೇಗೆ ಹೇಳ್ಲಿ."

ನನಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು. ಹೊಟ್ಟೆಯೊಳಗೆ ಒಂಬತ್ತು ತಿಂಗಳು ಜೊತೆಗಿದ್ದವನನ್ನು ನಾನು ಅರಿತಿರಲಿಲ್ಲ. ಗೋರಿ ಕಾಯಲು ಈಟಿ ಹಿಡಿದವನೇ ಗುದ್ದಲಿ ಹಿಡಿದ. ಸುಳ್ಳನ್ನು ಹಲ್ಲು ಕಿರಿದು ಹೇಳಿದ, ನಾನು ಮಾಡಿಕೊಟ್ಟ ಚಹಾ ಕುಡಿಯುತ್ತ.

ಹೊರಟೆ. ರಸ್ತೆಗೆ ಬರುವಷ್ಟರಲ್ಲಿ ಅವನು ಹಿಂದೆಯೇ ಓಡಿಬಂದ.

"ಅಕ್ಕಾ, ಇನ್ನೊಂದು ಲೋಡು ಉಳಿದಿದೆ. ಆ ಮೂಲೇದು. ಶನಿವಾರದೊಳಗೆ ತೆಗೀಬೇಕು. ನೀನು ಬೇಡ ಅಂದ್ರೆ ಇಟ್ಟಿಗೆ ಸುಡೋನು ಕೇಳ್ತಿದಾನೆ."

ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಆದರೆ ಬೇಡ ಅಂದರೆ ಅಮ್ಮನ ಮೇಲಿನ ಮಣ್ಣು ಇಟ್ಟಿಗೆ ಗೂಡಿನಲ್ಲಿ ಬೇಯುತ್ತದೆ. ಅದು ಅವನಿಗೂ ಗೊತ್ತಿತ್ತು.

"ತಾ," ಅಂದೆ. "ನನ್ನ ಬಾಗಿಲಾಚೆ ಸುರಿದು ಹೋಗು. ಒಳಗೆ ಕಾಲಿಡ್ಬೇಡ. ಇನ್ನು ಯಾವತ್ತೂ ಇಡ್ಬೇಡ."

ಶನಿವಾರ ಪಿಕಪ್ಪು ಬಂತು. ನಾನು ಬಾಗಿಲು ತೆರೆಯಲಿಲ್ಲ. ಇಂಜಿನ್ ಸದ್ದು ದೂರವಾದ ಮೇಲೆ ನಾನೂ ಮಾಮಾ ಶಮೀಮ್‌ಳೂ ಬೇಸಿನ್ನಿನಲ್ಲಿ ಹೊತ್ತು ಒಳಗೆ ತಂದೆವು. ಟಾರ್ಪಾಲಿನ ಮೇಲಿದ್ದದ್ದನ್ನೂ ಸೇರಿಸಿ ಗೋಡೆಯುದ್ದಕ್ಕೂ ಗೋಣಿಚೀಲಗಳಲ್ಲಿ ತುಂಬಿದೆವು. ಒಂದರಲ್ಲಿ ಆ ಸೀಳಿದ ಕಾಂಡವನ್ನು ನೆಟ್ಟೆ.

ಅಷ್ಟರಲ್ಲಿ ಮೇಲಿನ ಕೇರಿಯ ಹೆಂಗಸೊಬ್ಬಳು ಖಾಲಿ ಜೆರಿಕ್ಯಾನ್ ಹಿಡಿದು ಬಂದಳು.

"ಬಬಿರಿಯಕ್ಕಾ, ನಿಮ್ಮಮ್ಮನ ತೋಟದ ಮಣ್ಣು ಕೊಡ್ತೀರಾ? ಹೋದ್ಸಲ ಸೊಪ್ಪು ಎಷ್ಟು ರುಚಿಯಾಗಿ ಬಂತು ಅಂತೀರಿ."

"ಮುಗೀತಮ್ಮಾ," ಅಂದೆ.

ಅವಳು ಗೋಡೆಯುದ್ದಕ್ಕೂ ನಿಂತ ಚೀಲಗಳನ್ನು ನೋಡಿದಳು, ನನ್ನ ಮುಖ ನೋಡಿದಳು, ಹೊರಟುಹೋದಳು. ನಾನು ಜರಡಿ ತೊಳೆದು ಬಿಸಿಲಿಗೆ ಇಟ್ಟೆ. ಆ ಚೀಲಗಳಿಗೆ ಸಗಣಿ ಹಾಕಲಿಲ್ಲ, ಕಾಫಿ ಹೊಟ್ಟು ಹಾಕಲಿಲ್ಲ, ಏನನ್ನೂ ಬೆರೆಸಲಿಲ್ಲ.