ಸೇಲಾ ದಾರಿಯ ಡ್ರೈವರ್ ಲಾಮಾ ಆದದ್ದು

ನನ್ನ ಗಂಡ ಜಂಬೆ ಲಾಮಾ ಆದದ್ದು ಹಲ್ಲುನೋವಿನಿಂದ. ಬೇರೆಯವರು ಅದಕ್ಕಾಗಿ ಎಳೆಯ ವಯಸ್ಸಿನಲ್ಲೇ ಗೊಂಪಾ ಎಂಬ ಮಠ ಸೇರುತ್ತಾರೆ, ಕೊರೆಯುವ ಚಳಿಯಲ್ಲಿ ಮಂತ್ರ ಬಾಯಿಪಾಠ ಮಾಡುತ್ತಾರೆ, ಗುರುಗಳಿಂದ ಏಟು ತಿನ್ನುತ್ತಾರೆ. ಇವನಿಗೆ ಒಂದು ದವಡೆಹಲ್ಲು ಸಾಕಾಯಿತು.

ಸೇಲಾ ಘಟ್ಟದ ಸುರಂಗ ಇನ್ನೂ ಆಗಿರದ ಕಾಲ. ಹಿಮ ಬಿದ್ದು ದಾರಿ ಮುಚ್ಚಿತ್ತು, ಬಾಡಿಗೆ ಸುಮೊ ಓಡಿಸುವ ಜಂಬೆಗೆ ಕೆಲಸವಿರಲಿಲ್ಲ. ತಲೆಯಲ್ಲಿ ಕಜ್ಜಿ ಎದ್ದಿತೆಂದು ಬೋಳಿಸಿಕೊಂಡಿದ್ದ. ಹೊದ್ದಿದ್ದು ಬೊಮ್ಡಿಲಾದಲ್ಲಿ ಅಗ್ಗಕ್ಕೆ ಸಿಕ್ಕಿದ, ಲಾಮಾಗಳು ಹೊದೆಯುವಂಥದೇ ಕೆಂಗಂದು ಶಾಲು. ಕೆನ್ನೆ ಊದಿ ಬಾಯಿ ತೆರೆಯಲಾಗದೆ, ಅಂಗಳದ ಬಿಸಿಲಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದ.

ನಮ್ಮ ಮನೆಯ ಬಾಡಿಗೆ ಕೋಣೆಗಳಲ್ಲಿ ತವಾಂಗ್ ನೋಡಲು ಬಂದು ಸಿಕ್ಕಿಬಿದ್ದವರು ತುಂಬಿದ್ದರು. ಅವರ ಗುಂಪಿಗೆ ಮುಖಂಡಳು ಕಲ್ಕತ್ತೆಯ ಮಧುಛಂದಾ ಮೇಡಂ. ಬೆಟ್ಟ ಕಂಡರೆ ಅಳುವ ಹೆಂಗಸು. ಮೋಡ ಬಂದು ಬೆಟ್ಟ ಮುಚ್ಚಿದರೆ ಅದಕ್ಕೂ ಅಳುತ್ತಿದ್ದಳು. ಒಂದು ಬೆಳಿಗ್ಗೆ ನಾನು ಅವರ ಹೊದಿಕೆಗಳನ್ನು ಮಂಜುಗಡ್ಡೆಯಂಥ ನೀರಿನಲ್ಲಿ ಹಿಂಡುತ್ತಿದ್ದಾಗ ಬಂದು, "ನೀವು ಇಲ್ಲಿಯವರು ಯಾವಾಗಲೂ ನಗ್ತಾ ಇರ್ತೀರಲ್ಲ, ಹೇಗೆ?" ಎಂದು ಕೇಳಿದಳು. ನಾನು ನಗುತ್ತಿರಲಿಲ್ಲ. ಚಳಿಗೆ ತುಟಿ ಒಡೆದು ಹಲ್ಲು ಕಾಣುತ್ತಿತ್ತು, ಅಷ್ಟೆ.

ಆಮೇಲೆ ಜಂಬೆಯತ್ತ ಕಣ್ಣು ಹಾಯಿಸಿ ಪಿಸುಗುಟ್ಟಿದಳು: "ಲಾಮಾಜಿಗೆ ಮೌನವ್ರತವಾ?"

"ಲಾಮಾ ಅಲ್ಲ, ನನ್ನ ಗಂಡ. ಹಲ್ಲುನೋವು."

"ಎಷ್ಟು ವಿನಯ ನಿಮ್ಮದು!" ಎಂದವಳೇ ಹೋಗಿ ಅವನ ಕಾಲಿಗೆ ಬಿದ್ದಳು. ಜಂಬೆ ಬೆಚ್ಚಿ ಕಣ್ಣು ತೆರೆದ. ಬೇಡ ಎನ್ನಲು ಬಾಯಿ ಬರಲಿಲ್ಲ, ಕೈ ಎತ್ತಿದ. ಆ ಕೈ ಅವಳ ತಲೆಗೆ ತಾಗಿತು. ಅವಳು ಅತ್ತಳು.

ಆರ್ಮಿ ಆಸ್ಪತ್ರೆಯಲ್ಲಿ ಹಲ್ಲು ಕೀಳಿಸಿಕೊಂಡು ಬಂದಮೇಲೆ ಕೆನ್ನೆ ಇಳಿಯಿತು, ಲಾಮಾ ಇಳಿಯಲಿಲ್ಲ. ಬಿಸಿಲುಕೋಣೆಯಲ್ಲಿ ದಪ್ಪ ಹಾಸಿಗೆ ಹಾಕಿಸಿಕೊಂಡ. ಟೀ ಬೇಕಾದರೆ ಕೂಗುತ್ತಿದ್ದವನು ಈಗ ಕಣ್ಣಿನಲ್ಲೇ ಲೋಟ ತೋರಿಸುತ್ತಿದ್ದ. ಯಾರೋ ಮಗನ ಪರೀಕ್ಷೆ ಬಗ್ಗೆ ಕೇಳಿದರೆ, "ತಿರುವಿನಲ್ಲಿ ಆತುರ ಬೇಡ" ಎನ್ನುತ್ತಿದ್ದ. ಇನ್ನೊಬ್ಬ ಹೆಂಡತಿಯ ಜಗಳ ಹೇಳಿಕೊಂಡರೆ, "ಇಳಿಜಾರಿನಲ್ಲಿ ಗೇರ್ ಬದಲಿಸಬೇಡ" ಎಂದ. ಓದಿದ ಜನ ಅದನ್ನು ಮೊಬೈಲಿನಲ್ಲಿ ಬರೆದುಕೊಂಡರು! ಒಣಹಣ್ಣು, ಬಾದಾಮಿ, ಉಣ್ಣೆಯ ಕಾಲುಚೀಲ ಬಂದು ಬಿದ್ದವು. ದಾರಿ ತೆರೆದರೂ ಅವರು ಹೋಗಲಿಲ್ಲ, ಹೊಸಬರೂ ಸೇರಿಕೊಂಡರು. ಸುಮೊ ಹಿಮದ ಕೆಳಗೇ ಇತ್ತು.

"ನಾಚಿಕೆ ಆಗಲ್ವಾ ನಿನಗೆ?" ಎಂದು ಅಡುಗೆಮನೆಯಲ್ಲಿ ಕೇಳಿದೆ.

"ನಾನೇನು ಲಾಮಾ ಅಂತ ಹೇಳಿದ್ನಾ? ಅವರೇ ಹೇಳ್ತಾರೆ. ಸಮಾಧಾನ ಸಿಗ್ತದಂತೆ, ಸಿಗ್ಲಿ ಬಿಡು."

"ಗೊಂಪಾಕ್ಕೆ ಗೊತ್ತಾದ್ರೆ ಚರ್ಮ ಸುಲಿತಾರೆ."

ಅವನು ಕಣ್ಣು ಅರೆಮುಚ್ಚಿ, "ಶಾಂತಳಾಗು, ಲೇಕಿ" ಎಂದ. ನನಗೆ! ಸೌಟು ಎತ್ತಿದವಳು ಕೆಳಗಿಟ್ಟು, ಜೆಮಿತಾಂಗಿನಲ್ಲಿದ್ದ ಅವನ ತಾಯಿಗೆ ಫೋನ್ ಮಾಡಿದೆ. ಆಮಾ ಎಲ್ಲವನ್ನೂ ಕೇಳಿ, "ಹೌದಾ, ಬರ್ತೀನಿ" ಎಂದಷ್ಟೇ ಅಂದಳು.

ಬಂದದ್ದು ಹಬ್ಬದ ಕೆಂಪು ಉಡುಪಿನಲ್ಲಿ, ಕೈಯಲ್ಲಿ ಲಾಮಾಗಳಿಗೆ ಅರ್ಪಿಸುವ ಬಿಳಿ ರೇಷ್ಮೆ ವಸ್ತ್ರ, ಖಾತಾ, ಹಿಡಿದು. ನೇರ ಬಿಸಿಲುಕೋಣೆಗೆ ಹೋಗಿ, ನೆರೆದಿದ್ದ ಜನರ ನಡುವೆ ನೆಲದ ಮೇಲೆ ಉದ್ದಕ್ಕೆ ಬಿದ್ದು ನಮಸ್ಕರಿಸಿದಳು. ಎದ್ದು ಮತ್ತೆ ಬಿದ್ದಳು. ಜಂಬೆಯ ಕಿವಿ ಕೆಂಪಾಯಿತು, ಏಳಲು ಹೋದ.

"ಕೂತ್ಕೊಳ್ಳಿ ರಿಂಪೋಚೆ," ಎಂದಳು ಆಮಾ ನಮ್ಮ ಮೋನ್ಪಾ ಮಾತಿನಲ್ಲಿ, ದೊಡ್ಡ ಲಾಮಾಗಳನ್ನು ಕರೆಯುವ ಹಾಗೆ. "ನೀವೇ ಎದ್ದು ನಿಂತ್ರೆ ನಾವು ಬಡವರು ಎಲ್ಲಿ ನಿಲ್ಲೋದು?"

ಮಧುಛಂದಾ ಮೇಡಂ ನನ್ನ ತೋಳು ಹಿಡಿದು, "ಏನಂತೆ? ಹೇಳಿ, ಹೇಳಿ" ಎಂದಳು. ನಾನು ಒಂದೊಂದು ಮಾತನ್ನೂ ಹಿಂದಿಯಲ್ಲಿ ಹೇಳಿದೆ. ಅಷ್ಟು ಸಂತೋಷದ ಕೆಲಸ ನಾನು ಆ ಚಳಿಗಾಲದಲ್ಲಿ ಬೇರೊಂದು ಮಾಡಿರಲಿಲ್ಲ.

"ನನಗೊಬ್ಬ ಮಗ ಇದ್ದ," ಎಂದಳು ಆಮಾ. "ಜಂಬೆ ಅಂತ. ಗಾಡಿ ಓಡಿಸ್ತಿದ್ದ. ಸೇಲಾದಲ್ಲಿ ಯಾರ ಗಾಡಿ ಹೂತರೂ ಮೊದಲು ಇಳಿದು ಅಗೀತಿದ್ದ. ಸುಳ್ಳೂ ಹೇಳ್ತಿದ್ದ, ಚಿಕ್ಕದು. ಗಿಣ್ಣು ತಿಂದು ನಾಯಿ ತಿಂತು ಅಂತಿದ್ದ. ಈಗ ಅವನು ಇಲ್ವಂತೆ. ಅವನ ಜಾಗದಲ್ಲಿ ಯಾರೋ ದೊಡ್ಡ ಲಾಮಾ ಕೂತಿದ್ದಾರೆ ಅಂತ ಸೊಸೆ ಹೇಳಿದ್ಳು. ನೀವು ಎಲ್ಲ ಬಲ್ಲವರು. ನನ್ನ ಮಗ ಎಲ್ಲಿ ಹುಟ್ಟಿದ್ದಾನೆ? ಕತ್ತೆಯಾಗಿ ಹುಟ್ಟಿದ್ರೂ ಪರವಾಗಿಲ್ಲ, ಹೊರೆ ಹೊತ್ತು ತಿನ್ನೋ ಪ್ರಾಣಿ ಅದು."

ಕೋಣೆಯಲ್ಲಿ ಮೂಗು ಸೀಟುವ ಸದ್ದು. ಆಮಾಳ ಕಣ್ಣಿನಲ್ಲಿ ಮಾತ್ರ ನೀರಿರಲಿಲ್ಲ.

"ಆಮಾ, ಏಳು, ಮಾನ ತೆಗೀಬೇಡ," ಎಂದು ಜಂಬೆ ತುಟಿ ಅಲುಗಿಸದೆ ಗೊಣಗಿದ.

"ಏನು ಹೇಳಿದರು?" ಎಂದು ಮೇಡಂ ಕೇಳಿದಳು.

"ತಾಯಿ, ಎದ್ದೇಳಿ ಅಂತಿದ್ದಾರೆ," ಎಂದೆ.

"ಅಯ್ಯೋ, ಎಂಥಾ ಕರುಣೆ!"

ಆಮಾ ಏಳಲಿಲ್ಲ. ಖಾತಾವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೇ ಇದ್ದಳು. ಮುದಿ ತೋಳುಗಳು ನಡುಗುತ್ತಿದ್ದವು. ಜಂಬೆ ಅದನ್ನೇ ನೋಡುತ್ತಿದ್ದ. ಆಗ ನನಗೂ ಒಂದು ಕ್ಷಣ ಪಾಪ ಅನ್ನಿಸಿತು, ಸುಳ್ಳೇಕೆ.

"ಬರ್ತಾನೆ," ಎಂದ ಕೊನೆಗೆ.

"ಯಾವಾಗ?"

"ಇವತ್ತೇ."

"ಬರೋವಾಗ ಗ್ಯಾಸ್ ಸಿಲಿಂಡರ್ ತರ್ಲಿ. ಸೊಸೆ ಹಸಿ ಕಟ್ಟಿಗೆ ಊದಿ ಊದಿ ಕೆಮ್ತಿದ್ದಾಳೆ."

ಇದನ್ನು ಮಾತ್ರ ನಾನು ಹಿಂದಿಗೆ ತರಲಿಲ್ಲ, ನಗು ಬಿಡಲಿಲ್ಲ. ಜಂಬೆ ಎದ್ದ. ಶಾಲನ್ನು ಹಾಸಿಗೆಯ ಮೇಲೆ ಬಿಟ್ಟು ಹಿಂದಿನ ಬಾಗಿಲಿನಿಂದ ಹೋದ. ಹಿಮ ಅಗೆಯುವ ಸದ್ದು ಬಹಳ ಹೊತ್ತು ಕೇಳಿತು, ಆಮೇಲೆ ಸುಮೊ ಕೆಮ್ಮುತ್ತ ಹೊರಟಿತು.

"ಮಗನ ಆತ್ಮವನ್ನು ಕರೆತರಲು ಹೋದರು," ಎಂದು ಮಧುಛಂದಾ ಮೇಡಂ ಉಳಿದವರಿಗೆ ವಿವರಿಸಿದಳು. ಆಮಾ ಅಡುಗೆಮನೆಗೆ ಬಂದು ಒಲೆಯ ಪಕ್ಕ ಕೂತು, "ಟೀಗೆ ಬೆಣ್ಣೆ ಜಾಸ್ತಿ ಹಾಕು. ಮೊಣಕಾಲು ಹೋಯ್ತು," ಎಂದಳು.

ಸಂಜೆ ಜಂಬೆ ಬಂದ. ತಲೆಗೆ ಉಣ್ಣೆ ಟೋಪಿ, ಮೈಗೆ ಎಣ್ಣೆಜಿಡ್ಡಿನ ಜಾಕೆಟ್, ಹೆಗಲ ಮೇಲೆ ಸಿಲಿಂಡರ್. ಬಾಗಿಲಲ್ಲಿ ಕಾದಿದ್ದ ಮಧುಛಂದಾ ಮೇಡಂ ಅವನನ್ನು ದಿಟ್ಟಿಸಿ ನೋಡಿದಳು. ಅಷ್ಟು ದಿನ ಅವನ ಕಾಲಬುಡದಲ್ಲಿ ಕೂತಿದ್ದವಳಿಗೆ ಶಾಲು ನೆನಪಿತ್ತು, ಮುಖ ನೆನಪಿರಲಿಲ್ಲ.

"ನೀವು... ಆ ತಾಯಿಯ ಮಗನಾ?" ಎಂದಳು ನಡುಗುತ್ತ.

ಜಂಬೆ ಒಳಗೆ ಕೂತಿದ್ದ ಆಮಾಳನ್ನು ನೋಡಿದ. "ಹೌದು ಮೇಡಂ," ಎಂದ.

ಅವಳು ಓಡಿಹೋಗಿ ಖಾಲಿ ಹಾಸಿಗೆಗೆ ಅಡ್ಡಬಿದ್ದಳು. ಆಮಾ ಮಗನತ್ತ ತಿರುಗಿ, "ಕೈ ತೊಳ್ಕೊಂಡು ಬಾ, ಉಣ್ಣು," ಎಂದಳು.

ಮರುದಿನ ಆ ಗುಂಪನ್ನು ಬೊಮ್ಡಿಲಾದವರೆಗೆ ಇಳಿಸಿದವನು ಜಂಬೆಯೇ. ದಾರಿಯುದ್ದಕ್ಕೂ ಅವರು ಆ ಲಾಮಾನ ಪವಾಡವನ್ನೇ ಮಾತಾಡಿದರಂತೆ. ಇವನು ವಾಂತಿ ಬಂದವರಿಗೆ ಗಾಡಿ ನಿಲ್ಲಿಸಿಕೊಟ್ಟನಂತೆ.

ಈಗಲೂ ಪ್ರತಿ ಚಳಿಗಾಲ ಯಾರಾದರೂ ಬಂದು ಕೇಳುತ್ತಾರೆ, ಇಲ್ಲಿದ್ದ ಲಾಮಾ ಎಲ್ಲಿ ಎಂದು. "ಗಾಡಿ ಓಡಿಸ್ತಿದ್ದಾನೆ," ಎನ್ನುತ್ತೇನೆ. ಅವರು ಕಣ್ಣು ಮುಚ್ಚಿ, ಏನೋ ಗಹನವಾದದ್ದು ಕೇಳಿದವರಂತೆ ತಲೆದೂಗುತ್ತಾರೆ.