ಬೆರಳು ಹೋಗುವಷ್ಟು ಸಡಿಲು

ತಂತಿ ಕತ್ತರಿಸುವ ಪಕ್ಕಡ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ ಯಮನೂರಪ್ಪನ ಕೈ ಮುಂದೆ ಹೋಗಲೊಲ್ಲದು. ಎತ್ತರದ ಸ್ಲ್ಯಾಬಿನ ಅಂಚಿನಲ್ಲಿ ಕೂತು ಕಬ್ಬಿಣದ ಸರಳು ಕಟ್ಟುವಾಗ ಒಂದು ದಿನವೂ ಅಳುಕದ ಕೈ ಅದು. ಈಗ ತನ್ನದೇ ಬಾಗಿಲ ಮುಂದಿನ ಮಧುಮಾಲತಿ ಬಳ್ಳಿ ಮುಟ್ಟಲು ಹೆದರಿತ್ತು. ತಾನೇ ಬಿಗಿದಿದ್ದ ಬೈಂಡಿಂಗ್ ತಂತಿ ಕಾಂಡದೊಳಗೆ ಹೂತುಹೋಗಿತ್ತು. ತಂತಿಯ ಮೇಲ್ಗಡೆ ಕಾಂಡ ಊದಿ, ಎಲೆಗಳೆಲ್ಲ ಹಳದಿಯಾಗಿದ್ದವು.

"ಯಮನೂರಣ್ಣಾ, ಇದನ್ನೇನು ಸಿಮೆಂಟಿನ ಪಿಲ್ಲರ್ ಅಂತ ತಿಳ್ಕೊಂಡ್ರೇನ್ರಿ? ಬಳ್ಳಿ ದಪ್ಪ ಆಕ್ಕೈತಿ. ನಿಮ್ಮ ತಂತಿ ದಪ್ಪ ಆಕ್ಕೈತೇನು?" ಎಂದಳು ಪಕ್ಕದ ಮನೆಯ ಜೈತುನಬಿ.

"ಗಾಳಿ ಮಳಿಗೆ ಬೀಳಬಾರ್ದು ಅಂತ ಬಿಗದು ಕಟ್ಟಿದ್ನವ್ವಾ."

"ಚಲೋ ಬಿಗದ್ರಿ, ಉಸಿರು ನಿಲ್ಲೂ ಹಂಗ! ನಾಳಿ ಫಕೀರವ್ವಕ್ಕ ಬರ್ತಾಳ. ಏನ್ ಹೇಳ್ತೀರಿ?"

ಮೂರು ತಿಂಗಳ ಹಿಂದೆ ತನ್ನ ಅಕ್ಕನ ಮಗಳ ಬಾಣಂತನಕ್ಕೆಂದು ರೋಣದ ಕಡೆ ಹೊರಟಾಗ ಹೆಂಡತಿ ಫಕೀರವ್ವ ಹೇಳಿದ್ದು ಒಂದೇ ಮಾತು: "ನೀವು ಉಂಡ್ರ ಉಣ್ರಿ, ಬಿಟ್ರ ಬಿಡ್ರಿ. ನನ್ನ ಬಳ್ಳಿ ಮಾತ್ರ ನೋಡ್ಕೋರಿ." ತಾನು ಪಾತ್ರೆ ತೊಳೆಯಲು ಹೋಗುವ ಮನೆಯಿಂದ ಒಂದು ಕಡ್ಡಿ ಬೇಡಿ ತಂದು, ಪೇಂಟಿನ ಡಬ್ಬಿಯಲ್ಲಿ ಊರಿ, ಮಗಳಂತೆ ಬೆಳೆಸಿದ ಬಳ್ಳಿ. ಗೋವೆಯ ಮಡಗಾಂವಿನಲ್ಲಿ, ಮೋತಿ ಡೊಂಗರ ಗುಡ್ಡದ ಆ ಇಕ್ಕಟ್ಟು ಓಣಿಯಲ್ಲಿ, ನೀರಿನ ಡ್ರಮ್ಮುಗಳ ಸಾಲಿನ ಮೇಲೆ, ತಗಡಿನ ಸೂರು ತುಂಬ ಅದರದೇ ರಾಜ್ಯ. ಸಂಜೆ ಬೆಳ್ಳಗೆ ಅರಳಿದ ಹೂವು ಬೆಳಗಾದರೆ ಗುಲಾಬಿ, ಮರುದಿನ ಕೆಂಪು. ಗ್ಯಾಸ್ ತರುವವನಿಗೂ ಅದು "ಹೂವಿನ ಮನಿ".

ಅವಳು ಬಳ್ಳಿಯನ್ನು ಕಟ್ಟುತ್ತಿದ್ದದ್ದು ಹಳೆಯ ಸೀರೆ ಹರಿದ ಪಟ್ಟಿಗಳಿಂದ. ಯಮನೂರಪ್ಪನಿಗೆ ಅದು ನಾಚಿಕೆ. ಇಡೀ ಮಡಗಾಂವಿಗೆ ಸರಳು ಕಟ್ಟಿದವನ ಮನೆಯಲ್ಲಿ ಬಳ್ಳಿ ಚಿಂದಿಯಲ್ಲಿ ಜೋತಾಡುವುದೇ! ಅವಳು ಅತ್ತ ಹೋದದ್ದೇ ತಡ, ಚಿಂದಿಯನ್ನೆಲ್ಲ ಕಿತ್ತೆಸೆದು, ಸರಳು ಕಟ್ಟುವ ಕೊಕ್ಕೆ ಹಾಕಿ ತಿರುವಿ ತಿರುವಿ ತಂತಿ ಬಿಗಿದಿದ್ದ. ಎಲೆ ಬಾಡತೊಡಗಿದ ಮೇಲೂ ಫೋನಿನಲ್ಲಿ, "ಭಾಳ ಚಲೋ ಐತಿ" ಎನ್ನುತ್ತಲೇ ಬಂದಿದ್ದ.

ಈಗ ಒಂದೊಂದೇ ತಂತಿ ಕತ್ತರಿಸಿದ. ಆಸರೆ ತಪ್ಪಿದ ಬಳ್ಳಿ ಅವನ ಭುಜದ ಮೇಲೆ ಒರಗಿತು. ಅಷ್ಟು ಸಡಿಲ ಕಟ್ಟಿಯೂ ಅವಳು ಯಾವ ಮಳೆಗಾಲಕ್ಕೂ ಒಂದು ಕವಲು ಬೀಳಗೊಟ್ಟಿರಲಿಲ್ಲವಲ್ಲ! "ಭಲೇ ಫಕೀರಿ," ಎಂದು ಅವನಿಗೇ ಅರಿವಿಲ್ಲದೆ ಬಾಯಿಂದ ಬಂತು.

ಕಟ್ಟಲು ಹಳೆಯ ಸೀರೆ ಹುಡುಕಿದರೆ ಒಂದೂ ಇಲ್ಲ. ಕೂಸಿಗೆ ಮೆತ್ತಗಿರಲಿ ಎಂದು ಎಲ್ಲವನ್ನೂ ಬಾಣಂತಿಯ ಮನೆಗೆ ಒಯ್ದಿದ್ದಳು. ಟ್ರಂಕಿನ ತಳದಲ್ಲಿ ಸಿಕ್ಕಿದ್ದು ಮಗಳು ಜಯಶ್ರೀಯ ಮದುವೆಯಲ್ಲಿ ಸುತ್ತಿದ್ದ ಕೇಸರಿ ಪಟಗ. ಅದು ತಲೆಯ ಮೇಲಿದ್ದರೆ ಯಮನೂರಪ್ಪನ ನಡಿಗೆಯೇ ಬೇರೆ. ಮೂಸಿ ನೋಡಿದ. ಆಮೇಲೆ ಹಲ್ಲಿನಿಂದ ಅಂಚು ಕಚ್ಚಿ ಪರ್ರನೆ ಹರಿದ.

ಮರುದಿನ ಗುಡ್ಡ ಹತ್ತಿ ಬಂದ ಫಕೀರವ್ವ ಚೀಲ ಕೆಳಗಿಡಲಿಲ್ಲ. ಬಳ್ಳಿಯ ಗಾಯ ಸವರಿದಳು.

"ಏನ್ರೀ ಇದು?"

"ತಂತಿ ಬಿಗದಿದ್ದೆ. ಫೋನಿನ್ಯಾಗ ಸುಳ್ಳು ಹೇಳಿದೆ."

"ನಿಮ್ಮ ಕೈಗೆ ಬೆಂಕಿ ಹತ್ತಲಿ! ಏನ್ ಪಾಪ ಮಾಡಿತ್ರಿ ಇದು ನಿಮಗ?" ಅವಳ ಕಣ್ಣು ತುಂಬಿದವು. ಬೈದು ಬೈದು ದಣಿದ ಮೇಲೆ ಅವಳ ಕೈ ಕೇಸರಿ ಗಂಟಿನ ಮೇಲೆ ನಿಂತಿತು.

"ಇದು ಜಯಶ್ರೀ ಮದುವಿ ಪಟಗ ಅಲ್ಲೇನ್ರಿ?"

"ಹೂಂ."

ಫಕೀರವ್ವ ಚೀಲ ಇಳಿಸಿ, ಸ್ಟೂಲು ಹತ್ತಿದಳು. "ಬುಡ ಗಟ್ಟಿ ಐತಿ, ಕೆಳಗ ಚಿಗುರು ಒಡದೈತಿ. ಆದ್ರ ಮತ್ತ ಬಿಗೀನ ಕಟ್ಟೀರಲ್ರೀ ಮಾರಾಯ್ರ! ನಡುವ ಒಂದು ಬೆರಳು ಹೋಗಬೇಕು. ಹಾಕ್ರಿ, ನೋಡೂಣು."

ಅವನ ಬೆರಳು ಸರಳು ಹಿಡಿದು ಹಿಡಿದು ದಪ್ಪಗಟ್ಟಿದ್ದು, ಒಳಗೆ ಹೋಗಲಿಲ್ಲ. ಫಕೀರವ್ವ ಗಂಟು ಬಿಚ್ಚಿದಳು. "ಕಾಂಡಕ್ಕ ಹಚ್ಚಿ ಹಂಗ ಹಿಡೀರಿ," ಎಂದು ಆ ಬೆರಳನ್ನೂ ಸೇರಿಸಿ ಪಟ್ಟಿ ಸುತ್ತಿದಳು. ಅವಳು ಗಂಟು ಹಾಕಿ ಮುಗಿಸುವವರೆಗೂ ಯಮನೂರಪ್ಪ ಬೆರಳು ಅಲುಗಿಸದೆ ನಿಂತ.